ಐದನೇ ತಿಂಗಳ ಸ್ಕ್ಯಾನಿನಲ್ಲಿ ಪಾದ ನೋಡುವಾಗ

ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಪಾದಕ್ಕೆ ಸಿಗುವ ಸಮಯ ಕಡಿಮೆ. ತಲೆ, ಬೆನ್ನು, ಹೃದಯ, ಮೂತ್ರಪಿಂಡ ಎಲ್ಲ ಮುಗಿದು ಕೈಕಾಲಿಗೆ ಬರುವಷ್ಟರಲ್ಲಿ ಹೊರಗೆ ಬೆಂಚಿನ ಮೇಲೆ ಇನ್ನೂ ಏಳೆಂಟು ಜನ ಕಾದಿರುತ್ತಾರೆ. ತೊಡೆಮೂಳೆಯ ಉದ್ದ ಅಳೆದು, ಎರಡು ಪಾದ ಕಂಡವು ಎಂದು ಗುರುತು ಹಾಕಿ ಮುಂದಕ್ಕೆ ಹೋಗುವುದು ಸುಲಭ. ಆದರೆ ಪಾದ ಕಂಡಿತು ಎನ್ನುವುದು ಬೇರೆ, ಅದು ಕಾಲಿಗೆ ನೆಟ್ಟಗೆ ಕೂತಿದೆ ಎನ್ನುವುದು ಬೇರೆ. ಎರಡನೆಯದನ್ನು ಹೇಳಲು ಸ್ಕ್ಯಾನ್ ಕೋಣೆಯಲ್ಲಿ ನಾವು ಏನೇನು ಮಾಡುತ್ತೇವೆ, ಎಲ್ಲೆಲ್ಲಿ ಎಡವುತ್ತೇವೆ ಎಂಬುದು ಈ ಬರಹ.

ಹುಟ್ಟುವ ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಪಾದ ಒಳಕ್ಕೆ ತಿರುಗಿರುತ್ತದೆ. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡು, ಪಾದದ ಮುಂಭಾಗ ಒಳಗೆ ಬಾಗಿ, ಅಂಗಾಲು ಪಕ್ಕದ ಕಾಲಿನ ಕಡೆ ಮುಖ ಮಾಡಿರುತ್ತದೆ. ಊರಲ್ಲಿ ಸೊಟ್ಟಗಾಲು ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಕ್ಲಬ್ ಫುಟ್. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಎರಡೂ ಪಾದ ಹಾಗಿರುತ್ತವೆ. ಬೇರೆ ತೊಂದರೆ ಇಲ್ಲದೆ ಪಾದವೊಂದೇ ಹೀಗಿದ್ದರೆ ಅದು ಚಿಕಿತ್ಸೆಗೆ ಬಹಳ ಚೆನ್ನಾಗಿ ಬಗ್ಗುವ ತೊಂದರೆ. ಬೆನ್ನುಹುರಿಯ ದೋಷದ ಜೊತೆಗೋ, ವರ್ಣತಂತುವಿನ (ಕ್ರೋಮೋಸೋಮಿನ) ದೋಷದ ಜೊತೆಗೋ ಬಂದಿದ್ದರೆ ಮಾತು ಬೇರೆ. ನಮ್ಮ ಕೆಲಸದ ಭಾರವೆಲ್ಲ ಇರುವುದು ಇವೆರಡನ್ನು ಬೇರೆ ಮಾಡುವುದರಲ್ಲಿ. 2021ರ ತಿದ್ದುಪಡಿಯ ನಂತರ ಗರ್ಭಪಾತ ಕಾನೂನಿನಲ್ಲಿ 24 ವಾರದ ಗಡಿ ಇದೆ, ಅದು ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. 20ನೇ ವಾರದ ವರದಿ ಹಿಡಿದು ಮನೆಗೆ ಹೋದವರ ಕೈಯಲ್ಲಿ ಇರುವುದು ನಾಲ್ಕೇ ವಾರ. ಅರ್ಧ ನೋಡಿ ಬರೆದ ಒಂದು ಸಾಲು ಆ ನಾಲ್ಕು ವಾರದಲ್ಲಿ ಏನು ಬೇಕಾದರೂ ಮಾಡಿಸಬಹುದು. ಹಾಗಾಗಿಯೇ ನಾವು ಪಾದದ ವಿಷಯದಲ್ಲಿ ಇಷ್ಟು ಹಟ ಮಾಡುವುದು.

ಸ್ಕ್ಯಾನಿಗೆ 19ರಿಂದ 20 ವಾರದ ನಡುವೆ ಬಂದರೆ ಒಳ್ಳೆಯದು. ಆಗ ಮಗುವಿನ ಪಾದ ಸುಮಾರು 33 ಮಿಲಿಮೀಟರ್ ಉದ್ದ ಇರುತ್ತದೆ, ಸುತ್ತ ನೀರು ಧಾರಾಳ ಇರುತ್ತದೆ, ಕಾಲು ಚಾಚಲು ಜಾಗ ಇರುತ್ತದೆ. 12–13 ವಾರದ ಸ್ಕ್ಯಾನಿನಲ್ಲೂ, ಅದರಲ್ಲೂ ಯೋನಿಯ ಒಳಗಿನಿಂದ ಪ್ರೋಬ್ (ಸ್ಕ್ಯಾನ್ ಮಾಡುವ ಹಿಡಿಕೆ) ಹಾಕಿ ನೋಡಿದರೆ, ಪಾದ ಕಾಣುತ್ತದೆ. ಆದರೆ ಭ್ರೂಣದ ಬೆಳವಣಿಗೆಯಲ್ಲಿ ಪಾದ ಮೊದಮೊದಲು ಒಳಮುಖವಾಗಿಯೇ ಇದ್ದು ಆಮೇಲೆ ನೆಟ್ಟಗಾಗುತ್ತದೆ. ಅಷ್ಟು ಬೇಗ ಕಂಡ ಸೊಟ್ಟು ಕೆಲವರಲ್ಲಿ 16ನೇ ವಾರಕ್ಕೆ ಇರುವುದೇ ಇಲ್ಲ. 30 ವಾರ ದಾಟಿದ ಮೇಲೆ ಮೊದಲ ಸಲ ನೋಡುವುದೂ ಕಷ್ಟ: ಜಾಗ ಇಕ್ಕಟ್ಟಾಗಿ ನೆಟ್ಟಗಿನ ಪಾದವೂ ಗರ್ಭಕೋಶದ ಗೋಡೆಗೆ ಒತ್ತಿಕೊಂಡು ಸೊಟ್ಟಗೆ ಕಾಣುತ್ತದೆ.

ಬರುವಾಗ ಗುರುತಿನ ಚೀಟಿ, ಹಳೆಯ ಸ್ಕ್ಯಾನ್ ವರದಿಗಳು ಇರಲಿ. ಈ ತಿಂಗಳಿಗೆ ಮೂತ್ರ ಕಟ್ಟಿಕೊಂಡು ಕೂರಬೇಕಾಗಿಲ್ಲ, ಉಪವಾಸವೂ ಬೇಡ. ತಿಂಡಿ ತಿಂದು ಬಂದವರಿಗೆ ಅರ್ಧ ಗಂಟೆ ಮಲಗಿರುವುದು ಹಗುರ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಂತೆ ಫಾರ್ಮ್ ಎಫ್ ತುಂಬಿ ಸಹಿ ಮಾಡಿಯೇ ಒಳಗೆ ಬರಬೇಕು. ಇಲ್ಲಿ ಒಂದು ಮಾತು. ಸೊಟ್ಟ ಪಾದ ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಎರಡು ಪಟ್ಟು ಹೆಚ್ಚು ಎಂದು ಮೊಬೈಲಿನಲ್ಲಿ ಓದಿಕೊಂಡು, "ಹಾಗಾದ್ರೆ ಇದು ಗಂಡೇ ಇರಬೇಕಲ್ವಾ ಮೇಡಂ?" ಎಂದು ಕೇಳುವವರಿದ್ದಾರೆ. ಅದಕ್ಕೆ ನಮ್ಮಿಂದ ಹೌದೂ ಬರುವುದಿಲ್ಲ, ಅಲ್ಲವೂ ಬರುವುದಿಲ್ಲ.

ಇನ್ನು ನೋಡುವ ಬಗೆ. ಕಾಲನ್ನು ಪಾದದಿಂದ ಹುಡುಕಬಾರದು, ಸೊಂಟದಿಂದ ಹಿಡಿಯಬೇಕು. ತೊಡೆಮೂಳೆ ಪೂರ್ತಿ ಉದ್ದಕ್ಕೆ ಬಂದಮೇಲೆ ಪ್ರೋಬನ್ನು ಎತ್ತದೆ ಮಂಡಿಯ ತನಕ ಜಾರಿಸಿ, ಮಂಡಿಯನ್ನೇ ಗೂಟ ಮಾಡಿಕೊಂಡು ಪ್ರೋಬ್ ತಿರುಗಿಸಿದರೆ ಕೆಳಗಿನ ಎರಡು ಮೂಳೆಗಳು ತೆರೆದುಕೊಳ್ಳುತ್ತವೆ: ಒಳಗಡೆ ದಪ್ಪನೆಯ ಟಿಬಿಯಾ, ಹೊರಗಡೆ ಸಣ್ಣ ಫಿಬುಲಾ. ಹೀಗೆ ಹಂತಹಂತವಾಗಿ ಇಳಿಯುವುದಕ್ಕೆ ಕಾರಣವಿದೆ. ಮಗು ಕಾಲ ಮೇಲೆ ಕಾಲು ಹಾಕಿ ಕೂತಿರುವುದು ಬಹಳ ಸಾಮಾನ್ಯ. ನೇರ ಪಾದಕ್ಕೆ ಹೋದರೆ ಬಲಗಾಲಿನ ಮೂಳೆಯ ತುದಿಗೆ ಎಡಗಾಲಿನ ಪಾದ ಬಂದು ಕೂತು, ಇಲ್ಲದ ಸೊಟ್ಟು ಕಾಣಿಸುತ್ತದೆ. ಇದು ಹೊಸಬರಷ್ಟೇ ಮಾಡುವ ತಪ್ಪಲ್ಲ, ಅವಸರದಲ್ಲಿ ಯಾರಿಂದಲೂ ಆಗುತ್ತದೆ. ಒಂದು ಕಾಲು ಪೂರ್ತಿ ಮುಗಿಸಿ, ಬಲವೋ ಎಡವೋ ಎಂದು ಪರದೆಯ ಮೇಲೆ ಬರೆದು, ಆಮೇಲೆಯೇ ಇನ್ನೊಂದಕ್ಕೆ ಹೋಗಬೇಕು. ಮಗು ತಲೆಕೆಳಗಿದೆಯೋ ಕುಂಡಿ ಕೆಳಗಿದೆಯೋ ಎಂದು ಮೊದಲೇ ಗಮನಿಸದಿದ್ದರೆ ಬಲ ಎಡ ಅದಲುಬದಲಾಗುತ್ತದೆ.

ಈಗ ಮುಖ್ಯ ಚೌಕಟ್ಟು. ಟಿಬಿಯಾ, ಫಿಬುಲಾ ಎರಡೂ ಅಕ್ಕಪಕ್ಕ ಪೂರ್ತಿ ಉದ್ದಕ್ಕೆ ಕಾಣುತ್ತಿರುವಾಗ ಪರದೆಯನ್ನು ನಿಲ್ಲಿಸಿ ಕೆಳಗಿನ ತುದಿ ನೋಡಿ. ನಿಮ್ಮ ಕಾಲನ್ನೇ ಮುಂದೆ ಚಾಚಿ ನೋಡಿಕೊಂಡರೂ ಇದು ಅರ್ಥವಾಗುತ್ತದೆ: ಎರಡು ಮೂಳೆಗಳನ್ನೂ ಒಟ್ಟಿಗೆ ಸೀಳುವಂತೆ ಒಂದು ಹಲಗೆ ಇಳಿಸಿದರೆ ಅದು ಪಾದವನ್ನು ಅಡ್ಡಕ್ಕೆ, ಹಿಮ್ಮಡಿಯ ಹತ್ತಿರ ಕತ್ತರಿಸುತ್ತದೆ. ಬೆರಳುಗಳು ಆ ಹಲಗೆಯಿಂದ ಆಚೆ, ಮುಂದಕ್ಕೆ ಉಳಿಯುತ್ತವೆ. ಹಾಗಾಗಿ ನೆಟ್ಟಗಿನ ಕಾಲಿನಲ್ಲಿ ಈ ಚೌಕಟ್ಟಿನ ತುದಿಯಲ್ಲಿ ಕಾಣುವುದು ಒಂದು ಮೋಟು ಗುಂಡಗಿನ ಭಾಗ ಮಾತ್ರ. ಎರಡು ಮೂಳೆಗಳ ಜೊತೆಗೆ ಇಡೀ ಅಂಗಾಲು, ಪಾದದ ಉದ್ದ ಮೂಳೆಗಳು, ಬೆರಳುಗಳ ಸಾಲು ಎಲ್ಲ ಒಂದೇ ಚೌಕಟ್ಟಿನಲ್ಲಿ ಬಂದು, ಅದೂ ಟಿಬಿಯಾ ಇರುವ ಒಳಬದಿಗೆ ಬಾಗಿಕೊಂಡಿದ್ದರೆ, ಪಾದ ತಿರುಗಿದೆ. ಗಾಲ್ಫ್ ಕೋಲಿನ ತುದಿಯ ಹಾಗೆ, ಅಥವಾ ನಮ್ಮ ಕಡೆಯ ಕುಡುಗೋಲಿನ ಹಾಗೆ ಕಾಣುತ್ತದೆ ಎಂದರೆ ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ. ಒಂದೇ ಮೂಳೆ ಕಾಣುತ್ತಿರುವಾಗ ಅಂಗಾಲು ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಪ್ರೋಬ್ ಓರೆಯಾಗಿದ್ದರೆ ಯಾವ ಪಾದವನ್ನು ಬೇಕಾದರೂ ಸೊಟ್ಟ ಮಾಡಿ ತೋರಿಸಬಹುದು.

ಪಾದದ ಮೂಳೆಗಳನ್ನೇ ನೇರ ನೋಡಿದರಾಯಿತಲ್ಲ ಎಂದು ಕೇಳಬಹುದು. 20ನೇ ವಾರದಲ್ಲಿ ಅದಾಗುವುದಿಲ್ಲ. ಕ್ಲಬ್ ಫುಟ್‌ನ ಬೇರು ಇರುವುದು ಪಾದದ ಹಿಂಭಾಗದ ಮೂಳೆಗಳಲ್ಲಿ, ಅವು ಆಗಿನ್ನೂ ಮೃದ್ವಸ್ಥಿ, ಅಂದರೆ ಗಟ್ಟಿಯಾಗದ ಮೆತ್ತನೆಯ ಎಲುಬು. ಹಿಮ್ಮಡಿಯ ಮೂಳೆ ಗಟ್ಟಿಯಾಗಲು ಶುರುವಾಗುವುದು ಸುಮಾರು 24ನೇ ವಾರಕ್ಕೆ, ಅದರ ಮೇಲಿನ ಟೇಲಸ್ ಇನ್ನೂ ತಡವಾಗಿ, 28ರ ಸುಮಾರಿಗೆ. ಪರದೆಯ ಮೇಲೆ ಬೆಳ್ಳಗೆ ಹೊಳೆಯುವುದು ಪಾದದ ಮುಂದಿನ ಉದ್ದ ಮೂಳೆಗಳು ಮತ್ತು ಬೆರಳಿನ ಮೂಳೆಗಳು ಮಾತ್ರ. ಹಿಂದಿನ ಭಾಗವನ್ನು ಹೊರಗಿನ ಆಕಾರದಿಂದಲೇ ಊಹಿಸಬೇಕು. ಆದ್ದರಿಂದ ಎಷ್ಟು ಬಿಗಿ, ಎಷ್ಟು ಪ್ಲಾಸ್ಟರ್ ಬೇಕಾಗಬಹುದು ಎಂದು ಸ್ಕ್ಯಾನ್ ನೋಡಿ ಹೇಳುವವರನ್ನು ನಂಬಬೇಡಿ. ಬಿಗಿ ತಿಳಿಯುವುದು ಹುಟ್ಟಿದ ಮೇಲೆ, ಕೈಯಲ್ಲಿ ಹಿಡಿದು ಬಗ್ಗಿಸಿದಾಗ.

ಯಂತ್ರದ ಕಡೆಗೂ ಸ್ವಲ್ಪ ಗಮನ ಬೇಕು. ಆಳವನ್ನು ಕಡಿಮೆ ಮಾಡಿ, ಕಾಲು ಪರದೆಯ ಮೂರರಲ್ಲಿ ಎರಡು ಪಾಲು ತುಂಬುವಂತೆ ದೊಡ್ಡದು ಮಾಡಿ, ಫೋಕಸ್ ಅನ್ನು ಕಾಲಿನ ಮಟ್ಟಕ್ಕೆ ತನ್ನಿ. ತಾಯಿಯ ಹೊಟ್ಟೆ ತೆಳ್ಳಗಿದ್ದರೆ ಹೆಚ್ಚಿನ ಫ್ರೀಕ್ವೆನ್ಸಿಯ ಪ್ರೋಬ್ ಹಾಕಿದಾಗ ಬೆರಳುಗಳು ಬಿಡಿಬಿಡಿಯಾಗಿ ಬರುತ್ತವೆ. ಸ್ಕ್ಯಾನಿನಿಂದ ಎಷ್ಟು ಬಿಸಿ ಆಗಬಹುದು ಎಂದು ಪರದೆಯ ಮೇಲೆ ತೋರಿಸುವ ಥರ್ಮಲ್ ಇಂಡೆಕ್ಸ್ 1ರ ಒಳಗೆ ಇರಲಿ. ಹೆಚ್ಚು ಹೊತ್ತು ನೋಡುವ ಸ್ಕ್ಯಾನಿನಲ್ಲಿ ಇದು ಮರೆತುಹೋಗುತ್ತದೆ.

ಚೌಕಟ್ಟಿನಲ್ಲಿ ಸೊಟ್ಟು ಕಂಡ ಮೇಲೆ ಮಾಡಬೇಕಾದ ಮೊದಲ ಕೆಲಸ ಕಾಯುವುದು. ಪಾದ ಒಂದೇ ಭಂಗಿಯಲ್ಲಿ ನಿಂತಿದೆಯೇ, ಬದಲಾಗುತ್ತದೆಯೇ? ಪ್ರೋಬನ್ನು ಅಲ್ಲೇ ಹಿಡಿದು ಎರಡು ಮೂರು ನಿಮಿಷ ಸುಮ್ಮನೆ ನೋಡಬೇಕು. ಮಗು ಒದೆಯುತ್ತದೆ, ಬೆರಳು ಮಡಚುತ್ತದೆ, ಚಾಚುತ್ತದೆ. ಗೋಡೆಗೆ ಒತ್ತಿಕೊಂಡು ಸೊಟ್ಟಗಿದ್ದ ಪಾದ ಒಂದು ಒದೆತದಲ್ಲಿ ಬಿಡಿಸಿಕೊಂಡು ನೆಟ್ಟಗಾಗುತ್ತದೆ. ನಿಜವಾದ ಕ್ಲಬ್ ಫುಟ್‌ನಲ್ಲಿ ಬೆರಳು ಆಡುತ್ತವೆ, ಮಂಡಿ ಮಡಚುತ್ತದೆ, ಆದರೆ ಪಾದದ ಕೀಲು ಮಾತ್ರ ನಡುಗೆರೆ ದಾಟುವುದಿಲ್ಲ. ಕಾಲು ಎಲ್ಲಿಗೆ ಹೋದರೂ ಪಾದ ಅದೇ ಕೋನದಲ್ಲಿ ಅಂಟಿಕೊಂಡ ಹಾಗೆ ಜೊತೆಗೇ ಹೋಗುತ್ತದೆ. ಇದನ್ನು ನಿಂತ ಚಿತ್ರದಲ್ಲಿ ತೋರಿಸಲು ಬರುವುದಿಲ್ಲ, ವಿಡಿಯೋ ತುಣುಕನ್ನೇ ಉಳಿಸಿಡಬೇಕು.

ಮಗು ನಿದ್ದೆಯಲ್ಲಿದ್ದರೆ ತಾಯಿಯನ್ನು ಎಡಕ್ಕೆ, ಬಲಕ್ಕೆ ಮಗ್ಗುಲಾಗಿಸುತ್ತೇವೆ. ಆಗದಿದ್ದರೆ, "ಎದ್ದು ಒಂದಿಪ್ಪತ್ತು ನಿಮಿಷ ಓಡಾಡಿ ಬನ್ನಿಯಮ್ಮ, ಏನಾದ್ರೂ ತಿನ್ನಿ" ಎಂದು ಕಳಿಸುತ್ತೇವೆ. ಎರಡನೇ ಸಲ ಬಂದಾಗ ಮಗುವಿನ ಭಂಗಿ ಬದಲಾಗಿರುತ್ತದೆ. ಆಗಲೂ ಅದೇ ಚೌಕಟ್ಟು ಸಿಕ್ಕರೆ ಅನುಮಾನ ಗಟ್ಟಿ. ಆದರೂ ಎರಡು ವಾರ ಬಿಟ್ಟು, 22ನೇ ವಾರದ ಹೊತ್ತಿಗೆ ಇನ್ನೊಮ್ಮೆ ನೋಡುತ್ತೇವೆ. ಸ್ಕ್ಯಾನಿನಲ್ಲಿ ಒಂಟಿ (ಬೇರೆ ದೋಷವಿಲ್ಲದ) ಕ್ಲಬ್ ಫುಟ್ ಎಂದು ಬರೆದ ಹತ್ತು ಮಕ್ಕಳಲ್ಲಿ ಒಂದೋ ಎರಡೋ ಮಕ್ಕಳು ನೆಟ್ಟಗಿನ ಪಾದದೊಂದಿಗೋ, ಕೈಯಲ್ಲಿ ನೀವಿದರೆ ಸರಿಹೋಗುವ ಬಾಗಿನೊಂದಿಗೋ ಹುಟ್ಟುತ್ತವೆ. ನೀರು ಕಮ್ಮಿ ಇರುವಲ್ಲಿ, ಅವಳಿ ಮಕ್ಕಳಲ್ಲಿ ಈ ತಪ್ಪು ಹೆಚ್ಚು.

ಅಂಗಾಲಿನ ನೋಟ ಬೇರೆಯೇ ತೆಗೆಯಬೇಕು. ಹಿಮ್ಮಡಿಯ ಹಿಂಬದಿಯ ಚರ್ಮದಿಂದ ಉದ್ದ ಬೆರಳಿನ ತುದಿಯವರೆಗೆ ಅಳೆದು ತೊಡೆಮೂಳೆಯ ಉದ್ದದ ಜೊತೆ ಹೋಲಿಸಿದರೆ ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಪಾದಕ್ಕಿಂತ ತೊಡೆಮೂಳೆ ತೀರಾ ಮೋಟಾಗಿದ್ದರೆ ಮೂಳೆಯ ಬೆಳವಣಿಗೆಯ ಕಾಯಿಲೆ ನೆನಪಾಗಬೇಕು. ಬೆರಳು ಎಣಿಸುವುದು ಇದೇ ನೋಟದಲ್ಲಿ. ಪಕ್ಕದ ನೋಟದಲ್ಲಿ ಅಂಗಾಲಿನ ಕೆಳಗೆರೆ ನೋಡಿ: ಅದು ತೊಟ್ಟಿಲ ತಳದ ಹಾಗೆ ಹೊರಕ್ಕೆ ಉಬ್ಬಿ, ಹಿಮ್ಮಡಿ ಹಿಂದಕ್ಕೆ ಚಾಚಿಕೊಂಡಿದ್ದರೆ ಅದು ಕ್ಲಬ್ ಫುಟ್ ಅಲ್ಲ, ರಾಕರ್ ಬಾಟಮ್ ಪಾದ. ವರ್ಣತಂತು 18 ಅಥವಾ 13 ಮೂರು ಪ್ರತಿ ಇರುವ ಮಕ್ಕಳಲ್ಲಿ ಅದು ಕಾಣುವುದರಿಂದ ಅದರ ದಾರಿಯೇ ಬೇರೆ. ಪಾದದ ಮುಂಭಾಗ ಮಾತ್ರ ಒಳಕ್ಕೆ ಬಾಗಿ ಹಿಮ್ಮಡಿ ನೆಟ್ಟಗಿದ್ದರೆ ಅದು ಬಹುಪಾಲು ತಾನಾಗಿಯೇ ಸರಿಯಾಗುವ ಬಾಗು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಚಪ್ಪಲಿ ಉಂಗುಷ್ಠದಷ್ಟು ಸಂದು ಇದ್ದರೆ ಡೌನ್ ಸಿಂಡ್ರೋಮಿನ ಒಂದು ಸಣ್ಣ ಸೂಚನೆ ಎಂದು ಬರೆಯುವುದುಂಟು. ಬೇರೇನೂ ಇಲ್ಲದೆ ಅದೊಂದೇ ಇದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬಾರದು, ಎಷ್ಟೋ ಆರೋಗ್ಯವಂತ ಮಕ್ಕಳಲ್ಲೂ ಅದಿರುತ್ತದೆ.

3ಡಿ ಸ್ಕ್ಯಾನ್ ಬಗ್ಗೆ ಜನರಿಗೆ ಬಹಳ ನಿರೀಕ್ಷೆ. ನಮ್ಮ ತೀರ್ಮಾನ ಸ್ಪಷ್ಟವಾಗಿದೆ: ಪಾದ ಸೊಟ್ಟವೇ ಎಂದು ನಿರ್ಧರಿಸುವುದು 2ಡಿ ಚೌಕಟ್ಟು ಮತ್ತು ಚಲನೆ. ಅದನ್ನು ಖಚಿತಪಡಿಸಿಕೊಳ್ಳಲು, ಅಪ್ಪ ಅಮ್ಮನಿಗೆ ಮತ್ತು ಮುಂದೆ ಚಿಕಿತ್ಸೆ ಮಾಡುವ ಮೂಳೆ ವೈದ್ಯರಿಗೆ ತೋರಿಸಲು 3ಡಿ. ಅದಕ್ಕೆ ಪಾದದ ಮುಂದೆ ಕನಿಷ್ಠ ಒಂದು ಸೆಂಟಿಮೀಟರಿನಷ್ಟು ನೀರು ಬೇಕು. ಪಾದ ಗೋಡೆಗೋ ಮಾಸಿಗೋ ತಾಗಿದ್ದರೆ ಚಿತ್ರ ಗೋಡೆಯ ಜೊತೆ ಕಲಸಿಹೋಗುತ್ತದೆ. 3ಡಿಗೆ ಪರದೆಯ ಮೇಲೆ ಗುರುತು ಹಾಕುವ ಪೆಟ್ಟಿಗೆಯೊಳಗೆ ಪಾದ ಮಾತ್ರವಲ್ಲ, ಮಂಡಿಯ ತನಕ ಕಾಲು ಬರಬೇಕು. ಬರೀ ಪಾದ ತೆಗೆದು ಪರದೆಯ ಮೇಲೆ ತಿರುಗಿಸುತ್ತ ಹೋದರೆ ಅದು ಯಾವ ಕಾಲಿಗೆ ಯಾವ ಕೋನದಲ್ಲಿ ಕೂತಿತ್ತು ಎಂಬುದೇ ತಿಳಿಯುವುದಿಲ್ಲ. ಸ್ವೀಪ್ ಕೋನ, ಅಂದರೆ 3ಡಿ ತೆಗೆಯುವಾಗ ಪ್ರೋಬಿನ ಕಿರಣ ಹಾಯುವ ಅಗಲ, 40ರಿಂದ 60 ಡಿಗ್ರಿ ಸಾಕು. ಮಗು ಅಲುಗದಿರುವ ಹೊತ್ತು ನೋಡಿ, ತಾಯಿಗೆ ಕೆಲವು ಸೆಕೆಂಡ್ ಉಸಿರು ಹಿಡಿಯಲು ಹೇಳಿ ಒಂದೇ ಗುಟುಕಿಗೆ ತೆಗೆಯಬೇಕು. ನಡುವೆ ಮಗು ಒದ್ದರೆ ಪಾದ ಮುರಿದಂತೆ, ಇಬ್ಭಾಗವಾದಂತೆ ಕಾಣುತ್ತದೆ. ಅದನ್ನು ಅಳಿಸಿ ಇನ್ನೊಂದು ತೆಗೆಯಿರಿ, ತಾಯಿಗೆ ತೋರಿಸಬೇಡಿ.

3ಡಿಯ ಮೋಸಗಳು ಇನ್ನೂ ಇವೆ. ಗೇನ್ (ಚಿತ್ರದ ಹೊಳಪು) ತೀರಾ ಇಳಿಸಿದರೆ ಕಿರುಬೆರಳು ಮಾಯವಾಗುತ್ತದೆ. ಹೊಕ್ಕುಳಬಳ್ಳಿಯ ಒಂದು ಸುತ್ತು ಪಾದದ ಮುಂದೆ ಹಾದರೆ ಆರನೇ ಬೆರಳಾಗಿ ಕೂರುತ್ತದೆ. ಅಡ್ಡ ಬಂದ ಮಾಸನ್ನು ಯಂತ್ರದ ಕತ್ತರಿಯಲ್ಲಿ ತೆಗೆಯುವಾಗ ಬೆರಳಿನ ತುದಿಯೂ ಹೋಗಿಬಿಡುತ್ತದೆ. ಬೆರಳು ಹೆಚ್ಚೋ ಕಡಿಮೆಯೋ ಎಂಬುದನ್ನು 3ಡಿಯಿಂದ ಬರೆಯದೆ 2ಡಿಗೆ ಹಿಂದಿರುಗಿ, ಒಂದೊಂದರಲ್ಲೂ ಮೂಳೆ ಇದೆಯೇ ಎಂದು ಎಣಿಸಿ ಬರೆಯಬೇಕು. ನಿಜವಾಗಿ ಉಪಯೋಗಕ್ಕೆ ಬರುವುದು ಚೆಂದದ ಮೇಲ್ಮೈ ಚಿತ್ರಕ್ಕಿಂತ ಮೂರು ಸೀಳುಗಳ ನೋಟ, ಅಂದರೆ ಒಂದೇ ಜಾಗವನ್ನು ಮೂರು ದಿಕ್ಕಿನಿಂದ ಸೀಳಿ ಒಟ್ಟಿಗೆ ತೋರಿಸುವುದು. ಚುಕ್ಕೆಯನ್ನು ಪಾದದ ಕೀಲಿನ ಮೇಲಿಟ್ಟು, ಮೊದಲ ಸೀಳಿನಲ್ಲಿ ಟಿಬಿಯಾವನ್ನು ನೆಟ್ಟಗೆ ನಿಲ್ಲಿಸಿಕೊಂಡರೆ ಉಳಿದ ಎರಡರಲ್ಲಿ ಪಾದ ಎತ್ತ ತಿರುಗಿದೆ ಎಂದು ಓರೆಯ ಭಯವಿಲ್ಲದೆ ನೋಡಬಹುದು.

ಪಾದ ಸೊಟ್ಟ ಇದೆ ಎಂದು ಖಾತ್ರಿಯಾದ ಮೇಲೆ ತಾಯಿಗೆ ಹೇಳುವ ಮುಂಚೆ ಇಡೀ ಮಗುವನ್ನು ಮತ್ತೆ ಮೊದಲಿಂದ ನೋಡುತ್ತೇವೆ. ಬೆನ್ನಿನ ಮೂಳೆಗಳನ್ನೂ ಮೇಲಿನ ಚರ್ಮದ ಗೆರೆಯನ್ನೂ ಕುತ್ತಿಗೆಯಿಂದ ಬಾಲದ ತುದಿಯ ತನಕ, ಮೂರೂ ದಿಕ್ಕಿನಲ್ಲಿ. ತಲೆಯ ಮುಂಭಾಗ ನಿಂಬೆಹಣ್ಣಿನಂತೆ ಒಳಸರಿದು, ಹಿಂಮಿದುಳು ಬಾಳೆಹಣ್ಣಿನಂತೆ ಬಾಗಿದ್ದರೆ ಬೆನ್ನುಹುರಿಯ ಸೀಳು ಎಲ್ಲೋ ಇದೆ ಎಂದೇ ಅರ್ಥ, ಸಿಗುವ ತನಕ ಹುಡುಕಬೇಕು. ಕೈ ಮುಷ್ಟಿ ಬಿಚ್ಚುತ್ತದೆಯೇ, ತೋರುಬೆರಳು ಪಕ್ಕದ ಬೆರಳ ಮೇಲೆ ಏರಿ ಕೂತಿದೆಯೇ, ಮೊಣಕೈ ಮಂಡಿ ಮಡಚುತ್ತವೆಯೇ? ಎಲ್ಲ ಕೀಲುಗಳೂ ಸೆಟೆದುಕೊಂಡಿದ್ದರೆ ಅದು ಆರ್ತ್ರೋಗ್ರೈಪೋಸಿಸ್, ಪಾದ ಅದರ ಒಂದು ಭಾಗ ಮಾತ್ರ. ಹೆಬ್ಬೆರಳು ಹೊರಚಾಚಿ ನಿಂತಿದ್ದು ಮೂಳೆಗಳೆಲ್ಲ ಮೋಟಾಗಿದ್ದರೆ ಮತ್ತೊಂದು ಕಾಯಿಲೆ. ಕಾಲಿನ ಸುತ್ತ ದಾರ ಕಟ್ಟಿದಂತೆ ಗೆರೆ ಇದ್ದರೆ ಗರ್ಭಜಲದ ಪೊರೆಯ ಎಳೆ ಸುತ್ತಿಕೊಂಡಿದೆ. ಹೃದಯ, ತುಟಿ, ಹೊಟ್ಟೆ, ಮೂತ್ರಕೋಶ ಮತ್ತೊಮ್ಮೆ. ನೀರಿನ ಅತಿ ಆಳದ ಜಾಗ 2 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸೊಟ್ಟಿಗೆ ಕಾರಣ ಅದೇ ಇರಬಹುದು.

ಪಾದ ಬಿಟ್ಟು ಬೇರೇನೂ ಸಿಗದಿದ್ದರೆ ವರ್ಣತಂತುವಿನ ದೋಷದ ಸಾಧ್ಯತೆ ಕಡಿಮೆ, ಪೂರ್ತಿ ಇಲ್ಲ ಎನ್ನುವಂತಿಲ್ಲ. ಅದಕ್ಕೆ ನೀರಿನ ಪರೀಕ್ಷೆ, ಅಂದರೆ ಆಮ್ನಿಯೋಸೆಂಟೆಸಿಸ್, ಬೇಕೇ ಬೇಡವೇ ಎಂದು ತಂದೆತಾಯಿ ಯೋಚಿಸಿ ಹೇಳಬೇಕು. ಬೇರೇನಾದರೂ ಸಿಕ್ಕಿದ್ದರೆ ನಾವೇ ಒತ್ತಿ ಹೇಳುತ್ತೇವೆ. ಸಣ್ಣ ಸೂಜಿಯಲ್ಲಿ 15ರಿಂದ 20 ಮಿಲಿಲೀಟರ್ ನೀರು ತೆಗೆಯುತ್ತಾರೆ. ಅದಕ್ಕೆ ಬೇರೆ ಒಪ್ಪಿಗೆ ಪತ್ರ, ಫಾರ್ಮ್ ಜಿ ಇದೆ. ತಾಯಿಯ ರಕ್ತ ನೆಗೆಟಿವ್ ಗುಂಪಾಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಮರೆಯಬಾರದು. ಈ ಪರೀಕ್ಷೆಯನ್ನು 15 ವಾರದ ಒಳಗೆ ಮಾಡುವುದಿಲ್ಲ, ಕಾರಣ ನಮ್ಮ ವಿಷಯಕ್ಕೇ ಸೇರಿದ್ದು. 1998ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ 13 ವಾರಕ್ಕೆ ಮುಂಚೆ ನೀರು ತೆಗೆಸಿಕೊಂಡವರ ಮಕ್ಕಳಲ್ಲಿ ಕ್ಲಬ್ ಫುಟ್ ಶೇ. 1.3ರಷ್ಟಿತ್ತು, ತಡವಾಗಿ ತೆಗೆಸಿದವರಲ್ಲಿ ಶೇ. 0.1.

ವರದಿಯಲ್ಲಿ "ಸೊಟ್ಟ ಪಾದ ಕಂಡಿದೆ" ಎಂದು ಬರೆದು ಕೈತೊಳೆದುಕೊಳ್ಳಬಾರದು. ಯಾವ ಪಾದ, ಎಷ್ಟು ಹೊತ್ತು ನೋಡಿದರೂ ಭಂಗಿ ಬದಲಾಗಲಿಲ್ಲವೇ, ಕೀಲು ಆಡಿತೇ, ನೀರು ಎಷ್ಟಿತ್ತು, ಬೇರೆ ಯಾವ ಯಾವ ಅಂಗ ನೋಡಿ ಸರಿಯಿದೆ ಎಂದು ಕಂಡಿತು, ಯಾವುದು ಸರಿಯಾಗಿ ಕಾಣಲಿಲ್ಲ, ಮುಂದಿನ ಸ್ಕ್ಯಾನ್ ಯಾವಾಗ ಎಂಬುದೆಲ್ಲ ಇರಬೇಕು. ಈ ವರದಿಯನ್ನು ಓದುವವರು ಊರಿನ ಡಾಕ್ಟರು, ನರ್ಸ್, ಕೆಲವೊಮ್ಮೆ ಮನೆಯ ಹಿರಿಯರು. 28 ಮತ್ತು 32 ವಾರಕ್ಕೆ ಮತ್ತೆ ನೋಡುವುದು ಏಕೆಂದರೆ ಮೊದಲ ಸಲ ಒಂಟಿ ಎನಿಸಿದ್ದರಲ್ಲಿ ಕೆಲವು ಮಕ್ಕಳಿಗೆ ಬೇರೆ ತೊಂದರೆ ತಡವಾಗಿ ಗೊತ್ತಾಗುತ್ತದೆ.

ತಾಯಿ ಕೇಳುವುದು ಎರಡೇ ಪ್ರಶ್ನೆ. "ಡಾಕ್ಟ್ರೇ, ಮಗು ನಡೆಯುತ್ತಲ್ವಾ?" ಎಲ್ಲ ನೋಡಿ ಪಾದ ಒಂದೇ ಎಂದು ಗೊತ್ತಾದ ಮೇಲೆ ಇದಕ್ಕೆ ತಡವರಿಸದೆ ಉತ್ತರ ಕೊಡಬೇಕು: "ನಡೆಯುತ್ತಮ್ಮ, ಚಿಕಿತ್ಸೆ ಬಿಡದೆ ಮಾಡಿಸಿದ್ರೆ ಓಡುತ್ತೆ, ಶಾಲೆಗೆ ಹೋಗುತ್ತೆ." ಎರಡನೆಯದು ಬಾಯಲ್ಲಿ ಬರುವುದಿಲ್ಲ, ಪಕ್ಕದಲ್ಲಿರುವ ಅತ್ತೆಯೋ ಅಜ್ಜಿಯೋ ಹೇಳುತ್ತಾರೆ: "ಗ್ರಹಣದ ದಿನ ಹೊರಗೆ ಹೋಗಬೇಡ ಅಂದ್ರೂ ಕೇಳಲಿಲ್ಲ." ಆ ಮಾತು ಕೋಣೆಯಿಂದ ಹೊರಗೆ ಹೋಗುವ ಮೊದಲೇ ತಡೆಯಬೇಕು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಕಾಲು ಮಡಚಿ ಕೂತದ್ದಕ್ಕೂ ಇಲ್ಲ, ತಿಂದ ಹಣ್ಣಿಗೂ ಇಲ್ಲ. "ಅಜ್ಜಿ, ಇವರು ಮಾಡಿದ್ದರಿಂದ ಏನೂ ಆಗಿಲ್ಲ" ಎಂದು ಆ ತಾಯಿ ಕೇಳಿಸಿಕೊಳ್ಳುವಂತೆ, ಅಜ್ಜಿಯ ಮುಖ ನೋಡಿಯೇ ಹೇಳಬೇಕು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುವುದು ಮಾತ್ರ ನಿಜಕ್ಕೂ ಅಗತ್ಯ, ಒಂದು ಮಗುವಿಗೆ ಇದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ಶೇ. 3–4ರಷ್ಟು.

ಇದಕ್ಕಾಗಿ ಸಿಸೇರಿಯನ್ ಬೇಕಾಗಿಲ್ಲ, ಹೆರಿಗೆ ಎಂದಿನಂತೆ. ಹುಟ್ಟಿದ ರಾತ್ರಿಯೇ ಮೂಳೆ ಆಸ್ಪತ್ರೆಗೆ ಓಡಬೇಕಾಗಿಯೂ ಇಲ್ಲ, ಮೊದಲ ಒಂದೆರಡು ವಾರದಲ್ಲಿ ಶುರುವಾದರೆ ಚೆನ್ನ. ಅಮೆರಿಕದ ಅಯೋವಾದಲ್ಲಿದ್ದ ಇಗ್ನಾಸಿಯೋ ಪೊನ್ಸೆಟಿ ರೂಪಿಸಿದ ವಿಧಾನವನ್ನೇ ಈಗ ಎಲ್ಲ ಕಡೆ ಅನುಸರಿಸುತ್ತಾರೆ. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ, ತೊಡೆಯ ತನಕ ಪ್ಲಾಸ್ಟರ್. ಸಾಮಾನ್ಯವಾಗಿ ಐದಾರು ಸಲ. ಹಿಮ್ಮಡಿ ಇಳಿಯದಿದ್ದರೆ ಅದರ ಹಿಂದಿನ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ, ಹತ್ತರಲ್ಲಿ ಎಂಟೊಂಬತ್ತು ಮಕ್ಕಳಿಗೆ ಇದು ಬೇಕಾಗುತ್ತದೆ. ಆಮೇಲೆ ಮೂರು ವಾರ ಕೊನೆಯ ಪ್ಲಾಸ್ಟರ್. ನಂತರ ಪಟ್ಟಿಗೆ ಜೋಡಿಸಿದ ಬೂಟು: ಮೂರು ತಿಂಗಳು ದಿನಕ್ಕೆ 23 ಗಂಟೆ, ಮುಂದೆ ನಾಲ್ಕೈದು ವರ್ಷದ ತನಕ ರಾತ್ರಿ ಮಲಗುವಾಗ. ಪಾದ ಮತ್ತೆ ಸೊಟ್ಟವಾಗುವುದು ಬಹುತೇಕ ಈ ಬೂಟನ್ನು ಮಧ್ಯದಲ್ಲಿ ಬಿಟ್ಟವರಲ್ಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್ ಫುಟ್ ಇದೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆಗೆ ಬೇಗ ಚಿಕಿತ್ಸೆ ಕೊಡಿಸುವ) ಕೇಂದ್ರದ ದಾರಿ ತೋರಿಸುತ್ತಾರೆ.

ಸ್ಕ್ಯಾನಿನ ವರದಿ, ಚಿತ್ರಗಳನ್ನು ಹೆರಿಗೆಯ ಚೀಲದಲ್ಲೇ ಇಟ್ಟುಕೊಳ್ಳಿ. ಮೊದಲ ಪ್ಲಾಸ್ಟರಿನ ದಿನ ಮಗುವನ್ನು ಹಸಿದುಕೊಂಡೇ ಕರೆದುಕೊಂಡು ಹೋಗಿ, ಪ್ಲಾಸ್ಟರ್ ಸುತ್ತುವಾಗ ಹಾಲು ಕುಡಿಸಿದರೆ ಕಾಲು ಸಡಿಲ ಬಿಡುತ್ತದೆ. ಮನೆಗೆ ಬಂದಮೇಲೆ ಎರಡು ಮೂರು ಗಂಟೆಗೊಮ್ಮೆ ಬೆರಳು ನೋಡಿ. ಒತ್ತಿ ಬಿಟ್ಟರೆ ಬಿಳಿಚಿ ಮತ್ತೆ ಕೆಂಪಾಗಬೇಕು, ಬೆಚ್ಚಗಿರಬೇಕು. ಬೆರಳು ನೀಲಿಗಟ್ಟಿದರೆ, ಊದಿಕೊಂಡರೆ, ಅಥವಾ ಪ್ಲಾಸ್ಟರ್ ಜಾರಿ ಬೆರಳುಗಳು ಒಳಗೆ ಸರಿದು ಕಾಣದಾದರೆ, ರಾತ್ರಿಯಾದರೂ ಸರಿ, ಬೆಳಗಿನ ತನಕ ಕಾಯದೆ ಹೊರಡಿ.